ಎಲೆ ಬರೆಸಿದ ಮಹಾರಾಜರು



ಈ ತಿಂಗಳ ಗೋಡೆ ಪತ್ರಿಕೆಗೆ ಮಹನೀಯರ ಜೀವನ ಚರಿತ್ರೆ ಬರೆಯುವ ಸರದಿ ನನ್ನದು. ಗಾಂಧೀಜಿ, ಸರ್ ಎಂ. ವಿಶ್ವೇಶ್ವರಯ್ಯ, ಕಿತ್ತೂರು ಚೆನ್ನಮ್ಮ ಇವರ ಬಗ್ಗೆ ಎಲ್ಲರೂ ಬರೆದಾಗಿದೆ. ಆದ್ದರಿಂದ ನಾನು ಮುಮ್ಮಡಿ ಕೃಷ್ಣರಾಜ ಒಡೆಯರ ಬಗ್ಗೆ ಬರೆಯುತ್ತಿದ್ದೇನೆ. ಮುಮ್ಮಡಿ ಅಂದ್ರೆ ಮೂರನೆಯವರು. ಕನ್ನಂಬಾಡಿ ಕಟ್ಟೆ ಕಟ್ಟಿಸಿದ ನಾಲ್ವಡಿಯವರು ಬೇರೆ, ಇವರು ಬೇರೆ. ಇವರು ನಾಲ್ವಡಿಯವರ ತಾತ. ಇವರ ಹೆಸರು ಪಾಠದಲ್ಲಿ ಒಂದೆರಡು ಸಾಲು ಬಂದು ಹೋಗುತ್ತದೆ ಅಷ್ಟೆ. ಆದರೆ ಇವರು ಕೈಯಿಂದ ಮಾಡಿದ ಚಿತ್ರದ ಎಲೆಗಳಿಗೆ, ಅಂದ್ರೆ ಆಟದ ಕಾರ್ಡುಗಳಿಗೆ, ಬಹಳ ದೊಡ್ಡ ಕೆಲಸ ಮಾಡಿದ್ದಾರೆ. ನಮಗೆ ಕಾಗದದ ಕೆಲಸ ಅಂದ್ರೆ ಇಷ್ಟ ಅಲ್ಲವೇ? ಅದಕ್ಕೆ ಇವರ ಕಥೆಯ ಜೊತೆಗೆ, ಎಲೆ ಮಾಡಲು ಹೊಸಬರಿಗೆ ಏನೇನು ಸಾಮಾನು ಬೇಕು ಅನ್ನೋದನ್ನೂ ಬರೆದಿದ್ದೇನೆ.

ಐದು ತುಂಬದ ದೊರೆ

ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ತಂದೆ ಖಾಸಾ ಚಾಮರಾಜ ಒಡೆಯರು. ಆಗ ರಾಜ್ಯ ಆಳುತ್ತಿದ್ದವರು ಟಿಪ್ಪು ಸುಲ್ತಾನರು. ಒಡೆಯರ ಮನೆತನಕ್ಕೆ ಅಧಿಕಾರ ಇರಲಿಲ್ಲ. ಮಗುವಿಗೆ ಎರಡು ವರ್ಷ ಆಗುವ ಹೊತ್ತಿಗೆ, 1796ರಲ್ಲಿ, ತಂದೆ ತೀರಿಕೊಂಡರು.

1799ರ ಮೇ 4ರಂದು ಶ್ರೀರಂಗಪಟ್ಟಣದ ಯುದ್ಧದಲ್ಲಿ ಟಿಪ್ಪು ಮಡಿದರು. ಗೆದ್ದ ಇಂಗ್ಲಿಷರು ಮೈಸೂರಿನ ಒಂದು ಭಾಗವನ್ನು ಒಡೆಯರ ಮನೆತನಕ್ಕೆ ವಾಪಸು ಕೊಟ್ಟರು. ಹೀಗೆ ಆಗಬೇಕು ಅಂತ ವರ್ಷಗಟ್ಟಲೆ ಪ್ರಯತ್ನ ಪಟ್ಟವರು ಈ ಮಗುವಿನ ಅಜ್ಜಿ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು. 1799ರ ಜೂನ್ 30ರಂದು ಮೈಸೂರಿನಲ್ಲಿ ಪಟ್ಟಾಭಿಷೇಕ ಆಯಿತು. ನಾನು ಲೆಕ್ಕ ಹಾಕಿ ನೋಡಿದೆ. ಅವತ್ತಿಗೆ ದೊರೆಗೆ ಐದು ವರ್ಷ ತುಂಬಲು ಇನ್ನೂ 14 ದಿನ ಬಾಕಿ ಇತ್ತು! ನಮ್ಮ ಅಂಗನವಾಡಿ ಮಕ್ಕಳಷ್ಟು ದೊಡ್ಡವರು. ಆ ವಯಸ್ಸಿಗೆ ನಮ್ಮ ತಮ್ಮಂದಿರು ಚಡ್ಡಿ ಗುಂಡಿ ಹಾಕ್ಕೊಳ್ಳೋಕೂ ಅಳ್ತಾರೆ.

ಮಗು ದೊರೆಯಾದರೆ ರಾಜ್ಯ ನೋಡಿಕೊಳ್ಳುವವರು ಯಾರು? ದಿವಾನ್ ಪೂರ್ಣಯ್ಯನವರು. ಅವರು ಟಿಪ್ಪುವಿನ ಕಾಲದಲ್ಲೂ ಮಂತ್ರಿಯಾಗಿದ್ದವರು. ದೊರೆಗೆ ಹದಿನಾರು ತುಂಬುವ ತನಕ ರಾಜ್ಯದ ಲೆಕ್ಕ, ಕಂದಾಯ, ಕೆರೆ, ರಸ್ತೆ ಎಲ್ಲ ಅವರದೇ. ಆಮೇಲೆ ಕೃಷ್ಣರಾಜ ಒಡೆಯರು ತಾವೇ ಆಳಲು ಶುರು ಮಾಡಿದರು.

ಅವರಿಗೆ ವಿದ್ಯೆ ಅಂದ್ರೆ ಪ್ರಾಣ. ಪಂಡಿತರು, ಸಂಗೀತಗಾರರು, ಚಿತ್ರಗಾರರು ಎಲ್ಲರಿಗೂ ಅರಮನೆಯಲ್ಲಿ ಜಾಗ ಇತ್ತು. ಅವರ ಕಾಲದಲ್ಲೇ, 1823ರಲ್ಲಿ, ಕೆಂಪುನಾರಾಯಣ ಎಂಬ ಕವಿ ಮುದ್ರಾಮಂಜೂಷ ಎಂಬ ಕಥೆಯನ್ನು ಹೊಸ ರೀತಿಯ ಕನ್ನಡ ಗದ್ಯದಲ್ಲಿ ಬರೆದರು. 1833ರಲ್ಲಿ ಮಹಾರಾಜರು ಮೈಸೂರಿನಲ್ಲಿ ಒಂದು ಇಂಗ್ಲಿಷ್ ಶಾಲೆ ತೆರೆದರು. ಅದೇ ಬೆಳೆದು ಮುಂದೆ ಮಹಾರಾಜ ಕಾಲೇಜು ಆಯಿತು.

ನಮ್ಮ ಕಡೆಗೂ ಅವರ ಮನೆತನದ ನಂಟು ಇದೆ. ನಂಜನಗೂಡಿನ ಶ್ರೀಕಂಠೇಶ್ವರನ ದೊಡ್ಡ ಗೋಪುರ ಎಲ್ಲರೂ ನೋಡಿದ್ದೀರಿ. ದೊಡ್ಡ ಜಾತ್ರೆಗೆ ಹೋದಾಗ ಕಪಿಲೆಯ ಹತ್ತಿರ ನಿಂತು ಕತ್ತು ನೋವು ಬರೋ ತನಕ ತಲೆ ಎತ್ತಿ ನೋಡಬೇಕು. ಸುಮಾರು 120 ಅಡಿ ಎತ್ತರ, ಮೇಲೆ ಏಳು ಕಳಸ. ಅದನ್ನು 1845ರಲ್ಲಿ ಕಟ್ಟಿಸಿದವರು ಮುಮ್ಮಡಿಯವರ ರಾಣಿ ದೇವರಾಜಮ್ಮಣ್ಣಿಯವರು.

ರಾಜ್ಯ ಕೈ ತಪ್ಪಿತು

ಇಲ್ಲಿಂದ ಕಥೆ ಸ್ವಲ್ಪ ಬೇಸರದ್ದು. ಮಹನೀಯರ ಬಗ್ಗೆ ಬರೆಯುವಾಗ ಒಳ್ಳೆಯದು ಮಾತ್ರ ಬರೀಬೇಕು ಅಂತ ನನ್ನ ಗೆಳತಿ ಹೇಳಿದಳು. ಆದರೆ ಇದನ್ನು ಬಿಟ್ಟರೆ ಎಲೆಗಳ ಕಥೆ ಅರ್ಥ ಆಗುವುದಿಲ್ಲ.

ಆ ಕಾಲದಲ್ಲಿ ಇಷ್ಟು ಕಂದಾಯ ತಂದೇ ಕೊಡುತ್ತೇನೆ ಅಂತ ಅಧಿಕಾರಿಗಳು ಷರತ್ತು ಮಾಡಿಕೊಂಡು ವಸೂಲಿಗೆ ಹೋಗುತ್ತಿದ್ದರು. ಮಳೆ ಬರಲಿ ಬಿಡಲಿ, ದುಡ್ಡು ಕೊಡಬೇಕು. ರೈತರು ನೊಂದರು. 1830ರಲ್ಲಿ ಮಲೆನಾಡಿನ ನಗರ ಸೀಮೆಯಲ್ಲಿ ರೈತರು ದಂಗೆ ಎದ್ದರು. ಇದನ್ನೇ ಕಾರಣ ಮಾಡಿಕೊಂಡು ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಆಡಳಿತವನ್ನು ಮಹಾರಾಜರ ಕೈಯಿಂದ ಕಿತ್ತುಕೊಂಡರು. ಇಂಗ್ಲಿಷ್ ಕಮಿಷನರುಗಳು ಬಂದರು. ಕಚೇರಿಗಳು ಬೆಂಗಳೂರಿಗೆ ಹೋದವು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದವರು ಮಾರ್ಕ್ ಕಬ್ಬನ್. ಬೆಂಗಳೂರಿನ ಕಬ್ಬನ್ ಪಾರ್ಕ್ ಅವರ ಹೆಸರಿನದು.

ಅರಮನೆ ಇತ್ತು, ದಸರಾ ಇತ್ತು, ಬಿರುದು ಇತ್ತು. ಆಳುವ ಅಧಿಕಾರ ಮಾತ್ರ ಇಲ್ಲ. ಆಗ ಮಹಾರಾಜರಿಗೆ 37 ವರ್ಷ. ಅಲ್ಲಿಂದ ಮುಂದೆ ಬದುಕಿದ್ದೂ ಹತ್ತಿರ ಹತ್ತಿರ 37 ವರ್ಷವೇ. ಅರ್ಧ ಆಯುಸ್ಸು ಅಧಿಕಾರ ಇಲ್ಲದ ದೊರೆಯಾಗಿ ಕಳೆದರು. ಬೇರೆಯವರಾಗಿದ್ದರೆ ಕೊರಗಿ ಹಾಸಿಗೆ ಹಿಡೀತಿದ್ದರು. ಇವರು ಎರಡು ಕೆಲಸ ಮಾಡಿದರು. ಒಂದು, ರಾಜ್ಯ ವಾಪಸು ಕೊಡಿ ಅಂತ ಇಂಗ್ಲಿಷ್ ಸರಕಾರಕ್ಕೆ ಬೇಸರಿಸದೆ ಮನವಿ ಬರೆದರು. ಎರಡು, ಪುಸ್ತಕ, ಚಿತ್ರ ಮತ್ತು ಆಟಗಳಲ್ಲಿ ಮನಸ್ಸು ಇಟ್ಟರು.

ಶ್ರೀತತ್ತ್ವನಿಧಿ ಮತ್ತು ಛದದ ಆಟಗಳು

ಅವರ ದೊಡ್ಡ ಗ್ರಂಥದ ಹೆಸರು ಶ್ರೀತತ್ತ್ವನಿಧಿ. ಅದರಲ್ಲಿ ಒಂಬತ್ತು ನಿಧಿಗಳು, ಅಂದ್ರೆ ಒಂಬತ್ತು ಭಾಗಗಳು. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ ಹೀಗೆ ದೇವತೆಗಳ ರೂಪ, ಬಣ್ಣ, ಆಯುಧ ಎಲ್ಲ ಶ್ಲೋಕದಲ್ಲಿದೆ, ಪಕ್ಕದಲ್ಲಿ ಬಣ್ಣದ ಚಿತ್ರ ಇದೆ. ಕೊನೆಯದು ಕೌತುಕನಿಧಿ. ಹೆಸರೇ ಹೇಳುವಂತೆ ಅದು ಕುತೂಹಲದ ಭಾಗ. ಅದರಲ್ಲಿ 122 ಯೋಗಾಸನಗಳ ಚಿತ್ರಗಳಿವೆ. ಎಲೆ ಆಟಗಳೂ ಅದರಲ್ಲೇ ಇವೆ.

ಎಲೆ ಆಟ ಅವರು ಕಂಡುಹಿಡಿದದ್ದಲ್ಲ. ಗಂಜೀಫಾ ಎಂಬ ಆಟ ಪರ್ಷಿಯಾ ಕಡೆಯಿಂದ ಬಂದದ್ದು. ಮೊಘಲ್ ದೊರೆ ಬಾಬರ್ 1527ರಲ್ಲಿ ಗೆಳೆಯನೊಬ್ಬನಿಗೆ ಗಂಜೀಫಾ ಎಲೆ ಕಳಿಸಿದ್ದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಮೊಘಲರ ಗಂಜೀಫಾದಲ್ಲಿ 8 ಬಣ್ಣ, ಒಂದೊಂದರಲ್ಲಿ 12 ಎಲೆ, ಒಟ್ಟು 96. ನಮ್ಮ ದೇಶದಲ್ಲಿ ಅದು ದಶಾವತಾರದ ಆಟ ಆಯಿತು. ಮತ್ಸ್ಯ, ಕೂರ್ಮ, ವರಾಹದಿಂದ ಕಲ್ಕಿಯವರೆಗೆ 10 ಬಣ್ಣ, ಒಟ್ಟು 120 ಎಲೆ. ಪ್ರತಿ ಬಣ್ಣಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಆಮೇಲೆ ಒಂದರಿಂದ ಹತ್ತು.

ನಮ್ಮ ಮಹಾರಾಜರು ಇಷ್ಟಕ್ಕೆ ತೃಪ್ತಿ ಪಡಲಿಲ್ಲ. ತಾವೇ ಕೂತು 13 ಬಗೆಯ ಹೊಸ ಆಟ ರಚಿಸಿದರು. ಅವಕ್ಕೆ ಛದ ಅಂತ ಹೆಸರು. ಸಂಸ್ಕೃತದಲ್ಲಿ ಛದ ಅಂದ್ರೂ ಎಲೆಯೇ. ನಾವು ಇಸ್ಪೀಟು ಎಲೆ ಅನ್ನುತ್ತೇವಲ್ಲ, ಅದೇ ಮಾತು! ಚಾಮುಂಡೇಶ್ವರಿ ಛದದಲ್ಲಿ 16 ಬಣ್ಣ, 320 ಎಲೆ. ಕೃಷ್ಣರಾಜ ಛದ ಚಿಕ್ಕದು, 72 ಎಲೆ. ನವಗ್ರಹ ಛದ, ಪಂಚಪಾಂಡವ ಛದ, ದಿಕ್ಪಾಲಕ ಛದ ಅಂತಲೂ ಇವೆ. 320 ಎಲೆ ಕೈಯಲ್ಲಿ ಹಿಡಿಯೋಕೇ ಆಗಲ್ಲ ಅಂತ ನೀವು ನಗಬಹುದು. ಆದರೆ ಆಡುವವನಿಗೆ ಪ್ರತಿ ದೇವತೆಯ ವಾಹನ, ಆಯುಧ, ಬಣ್ಣ ಗೊತ್ತಿರಬೇಕು. ಓದಲು ಬಾರದವನೂ ಚಿತ್ರ ನೋಡಿ ಕಲಿಯಬಹುದಿತ್ತು. ಅದು ಆಟವೂ ಹೌದು, ಪಾಠವೂ ಹೌದು.

ಚದುರಂಗದಲ್ಲೂ ಅವರು ಬುದ್ಧಿವಂತರು. ಕುದುರೆಯನ್ನು ಒಂದು ಮನೆಗೆ ಒಂದೇ ಸಲ ಹೋಗುವಂತೆ 64 ಮನೆಗಳನ್ನೂ ಸುತ್ತಿಸುವ ಲೆಕ್ಕಗಳನ್ನು ಮಾಡಿದ್ದರು. 1861ರಲ್ಲಿ ಅವರು ಕಟ್ಟಿಸಿದ ಜಗನ್ಮೋಹನ ಅರಮನೆ ಮುಂದೆ ಚಿತ್ರಗಳ ಮ್ಯೂಸಿಯಂ ಆಯಿತು.

ಆಗಿನವರ ಸಾಮಾನು

ಗಂಜೀಫಾದಲ್ಲಿ ಎರಡು ತರ ಇತ್ತು. ಅರಮನೆಯವರಿಗೆ ದಂತ, ಆಮೆ ಚಿಪ್ಪು ಇವುಗಳ ಮೇಲೆ ಚಿನ್ನದ ರೇಖೆ ಹಾಕಿದ ಎಲೆ. ಜನಸಾಮಾನ್ಯರಿಗೆ ಕಾಗದ, ಬಟ್ಟೆ, ಮರ ಇವುಗಳ ಎಲೆ. ಬಟ್ಟೆ ಅಥವಾ ಕಾಗದವನ್ನು ಪದರ ಪದರವಾಗಿ ಹುಣಸೆ ಬೀಜದ ಅಂಟಿನಿಂದ ಅಂಟಿಸಿ, ಒಣಗಿಸಿ, ಗುಂಡಗೆ ಕತ್ತರಿಸಿ, ಬಣ್ಣ ಬಳಿದು, ಮೇಲೆ ಅರಗಿನ ಮೆರುಗು ಕೊಡುತ್ತಿದ್ದರು. ಮೆರುಗು ಇದ್ದರೆ ಕೈ ಬೆವರಿಗೆ ಬಣ್ಣ ಹೋಗುವುದಿಲ್ಲ, ಎಲೆ ಜಾರುತ್ತದೆ, ಕಲೆಸಲು ಸುಲಭ.

ಮೈಸೂರಿನ ಚಿತ್ರಗಾರರು ಹುಣಸೆ ಕಡ್ಡಿಯನ್ನು ಸುಟ್ಟು ಇದ್ದಿಲು ಮಾಡಿ ಅದರಿಂದ ಮೊದಲ ಗೆರೆ ಎಳೆಯುತ್ತಿದ್ದರು. ಅಳಿಲಿನ ಕೂದಲಿನ ಕುಂಚ, ಕಲ್ಲು ಮತ್ತು ಗಿಡದಿಂದ ತೆಗೆದ ಬಣ್ಣ, ಚಿನ್ನದ ರೇಕು ಇವೇ ಅವರ ಸಾಮಾನು. ನೋಡಿ, ಹುಣಸೆ ಮರ ಒಂದೇ ಅಂಟನ್ನೂ ಕೊಟ್ಟಿತು, ಪೆನ್ಸಿಲನ್ನೂ ಕೊಟ್ಟಿತು. ನಮ್ಮ ಊರಲ್ಲಿ ಹುಣಸೆ ಮರಕ್ಕೆ ಬರ ಇದೆಯೇ?

ನಮಗೆ ಏನೇನು ಬೇಕು

ಹೊಸದಾಗಿ ಶುರು ಮಾಡುವವರು ಅಂಗಡಿಗೆ ಓಡಬೇಡಿ. ಬೇಕಾದ್ದು ಇಷ್ಟೆ.

1. ಕಾಗದ: ಹಳೇ ಲಗ್ನಪತ್ರಿಕೆ. ಯಾರ ಮನೆಯಲ್ಲೂ ಮದುವೆ ಸೀಸನ್ ಮುಗಿದ ಮೇಲೆ ಒಂದು ಕಟ್ಟು ಇದ್ದೇ ಇರುತ್ತದೆ. ನಮ್ಮ ಸೋದರಮಾವ ನಂಜನಗೂಡಿನಲ್ಲಿ ಪ್ರೆಸ್ಸಿನ ಕೆಲಸಕ್ಕೆ ಹೋಗ್ತಾರೆ. ಅಲ್ಲಿ ಕತ್ತರಿಸಿ ಬಿಸಾಡುವ ಬಿಳಿ ಪಟ್ಟಿಗಳನ್ನು ನನಗೆ ತಂದು ಕೊಡ್ತಾರೆ. ಅದೂ ಚೆನ್ನಾಗಿ ಬರುತ್ತದೆ. ಮುಗಿದ ನೋಟ್‌ಬುಕ್ಕಿನ ರಟ್ಟು ಕೂಡ ಆಗುತ್ತದೆ.

2. ಅಂಟು: ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ನುಣ್ಣಗೆ ರುಬ್ಬಿ, ನೀರು ಸೇರಿಸಿ ಗಂಜಿಯ ಹದಕ್ಕೆ ಕುದಿಸಬೇಕು. ಬಟ್ಟೆಯಲ್ಲಿ ಸೋಸಬೇಕು. ಒಲೆ ಮುಂದೆ ದೊಡ್ಡವರು ಇರಲೇಬೇಕು. ಎರಡು ದಿನಕ್ಕೆ ವಾಸನೆ ಬರುತ್ತದೆ, ಆದ್ದರಿಂದ ಸ್ವಲ್ಪವೇ ಮಾಡಿ. ಬೀಜ ಇಲ್ಲದಿದ್ದರೆ ಮೈದಾ ಗಂಜಿ ಸಾಕು.

3. ಅಳತೆಗೆ: ಸ್ಕೇಲು, ಪೆನ್ಸಿಲು, ಎರಡೂವರೆ ಇಂಚು ಅಗಲದ ಒಂದು ಡಬ್ಬಿ ಮುಚ್ಚಳ. ಮುಚ್ಚಳ ಇಟ್ಟು ಸುತ್ತ ಗೆರೆ ಎಳೆದರೆ ಎಲ್ಲ ಎಲೆಯೂ ಒಂದೇ ಅಳತೆ. ಕೈವಾರ ಚುಚ್ಚಿದ ತೂತು ಬೀಳುವುದಿಲ್ಲ.

4. ಕತ್ತರಿ: ಚೂಪಾದ ಕತ್ತರಿ ಒಂದು. ಬ್ಲೇಡು ಬೇಡ, ಬೆರಳು ಕುಯ್ಯುತ್ತದೆ. ಗುಂಡಗೆ ಕತ್ತರಿಸುವಾಗ ಕತ್ತರಿಯನ್ನು ತಿರುಗಿಸಬಾರದು, ಕಾಗದವನ್ನು ತಿರುಗಿಸಬೇಕು.

5. ಭಾರಕ್ಕೆ: ಎರಡು ಹಲಗೆ ಅಥವಾ ಸ್ಲೇಟು, ಮೇಲೆ ಒಂದು ಗುಂಡುಕಲ್ಲು.

6. ಬಣ್ಣ: ಅರಿಶಿನದಿಂದ ಹಳದಿ. ಅರಿಶಿನಕ್ಕೆ ಚಿಟಿಕೆ ಸುಣ್ಣ ಸೇರಿಸಿದರೆ ಕೆಂಪು. ದೀಪದ ಕಾಡಿಗೆಗೆ ಗೋಂದಿನ ನೀರು ಕಲಸಿದರೆ ಕಪ್ಪು. ಅರಿಶಿನದ ಬಣ್ಣ ಬಿಸಿಲಿಗೆ ಬಿಳಚಿಕೊಳ್ಳುತ್ತದೆ, ಆದ್ದರಿಂದ ನೆರಳಲ್ಲಿ ಇಡಬೇಕು. ನೀಲಿ, ಹಸಿರಿಗೆ ಅಂಗಡಿಯ ವಾಟರ್ ಕಲರ್ ಪೆಟ್ಟಿಗೆ.

7. ಕುಂಚ: ಸಣ್ಣದೊಂದು, ಮಧ್ಯಮದ್ದೊಂದು. ದುಡ್ಡು ಕೊಟ್ಟು ತರಬೇಕಾದ್ದು ಇದೇ. ಅಳಿಲಿನ ಬಾಲಕ್ಕೆ ಯಾರೂ ಕೈ ಹಾಕಬೇಡಿ, ಪಾಪ.

ಮಾಡುವ ರೀತಿ ಹೀಗೆ. ಎರಡು ಹಾಳೆಯನ್ನು ಅಕ್ಷರ ಇರುವ ಮುಖ ಒಳಗೆ ಬರುವಂತೆ ಅಂಟಿಸಿ. ಹೊರಗಿನ ಎರಡೂ ಕಡೆ ಬಿಳಿ ಹಾಳೆ ಮೆತ್ತಿ. ಒಟ್ಟು ನಾಲ್ಕು ಪದರ. ಮಧ್ಯದಿಂದ ಅಂಚಿಗೆ ಬಟ್ಟೆಯಲ್ಲಿ ಒತ್ತಿ ಗಾಳಿ ಗುಳ್ಳೆ ತೆಗೆಯಿರಿ. ಹಲಗೆ ನಡುವೆ ಇಟ್ಟು, ಕಲ್ಲು ಹೇರಿ, ಒಂದು ರಾತ್ರಿ ನೆರಳಲ್ಲಿ ಬಿಡಿ. ಬಿಸಿಲಿಗೆ ಇಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಒಣಗಿದ ಮೇಲೆಯೇ ಕತ್ತರಿಸಬೇಕು. ಮೊದಲೇ ಕತ್ತರಿಸಿ ಆಮೇಲೆ ಅಂಟಿಸಿದರೆ ಅಂಚು ಕೂಡುವುದಿಲ್ಲ.

ಲೆಕ್ಕವನ್ನೂ ಹೇಳುತ್ತೇನೆ. 5 ಇಂಚು ಅಗಲ 7 ಇಂಚು ಉದ್ದದ ಹಾಳೆಯಲ್ಲಿ ಎರಡೂವರೆ ಇಂಚಿನ ಗುಂಡು 4 ಬರುತ್ತದೆ. ಒಂದು ಮಡಚುವ ಲಗ್ನಪತ್ರಿಕೆಯಲ್ಲಿ ಎರಡು ಹಾಳೆ, ಎರಡನ್ನೂ ಜೋಡಿಸಿ ಅಂಟಿಸಿದರೆ 4 ಎಲೆ. ಹಾಗಾದರೆ 48 ಎಲೆಗೆ 12 ಲಗ್ನಪತ್ರಿಕೆ. ಇದೇ ನಾಲ್ಕು ಪದರದ ರಟ್ಟನ್ನು ಗುಂಡಗೆ ಕತ್ತರಿಸದೆ ಉದ್ದಕ್ಕೆ ಬಿಟ್ಟರೆ ಹೊಸ ವರ್ಷಕ್ಕೆ, ಗುರುಗಳ ದಿನಕ್ಕೆ ಕೊಡುವ ಶುಭಾಶಯದ ಕಾರ್ಡೂ ಆಗುತ್ತದೆ.

ಇಸ್ಪೀಟಿಗೂ ಇದಕ್ಕೂ ವ್ಯತ್ಯಾಸ

ಈ ಮಾತನ್ನು ಬರೆಯಲೇಬೇಕು. ನಮ್ಮ ಮನೆಯಲ್ಲಿ ಎಲೆ ಅನ್ನೋ ಹೆಸರು ಎತ್ತುವ ಹಾಗಿಲ್ಲ. ನಮ್ಮ ಹತ್ತಿರದ ನೆಂಟರೊಬ್ಬರು ಇಸ್ಪೀಟು ಆಡಿ ಆಡಿ ಎರಡು ಹಸ ಮಾರಿಕೊಂಡರು. ಕರು ಹಿಂದೆಯೇ ಓಡಿದ್ದನ್ನು ನಾನು ನೋಡಿದ್ದೇನೆ. ಅವತ್ತಿನಿಂದ ನಮ್ಮಜ್ಜಿಗೆ ಎಲೆ ಕಂಡರೆ ಆಗಲ್ಲ. ನಾನು ರಟ್ಟನ್ನು ಗುಂಡಗೆ ಕತ್ತರಿಸುತ್ತಾ ಕೂತಾಗ ಅಜ್ಜಿ ಬಂದು ಎಲ್ಲವನ್ನೂ ಒಲೆಗೆ ಹಾಕ್ತೀನಿ ಅಂತ ಸೆರಗಿಗೆ ತುಂಬಿಕೊಂಡರು. ನನಗೆ ಅಳು ಬಂತು. ಆದರೂ ಅಜ್ಜಿ ಕೋಪದಲ್ಲಿ ತಪ್ಪಿಲ್ಲ ಅಂತ ನನಗೆ ಗೊತ್ತು.

ನಾನು ಅಜ್ಜಿಗೆ ಪುಸ್ತಕದಲ್ಲಿದ್ದ ದಶಾವತಾರದ ಎಲೆಯ ಚಿತ್ರ ತೋರಿಸಿದೆ. ಅಜ್ಜಿಗೆ ಓದು ಬರಲ್ಲ. ಆದರೆ ಆಮೆ ನೋಡಿ ಕೂರ್ಮ ಅಂದರು, ಕೊಡಲಿ ನೋಡಿ ಪರಶುರಾಮ ಅಂದರು, ಒಂದೂ ತಪ್ಪಲಿಲ್ಲ. ಸಿಂಹದ ಮುಖದ ಎಲೆ ಬಂದಾಗ ಟಿ. ನರಸೀಪುರದ ಗುಂಜಾನರಸಿಂಹಸ್ವಾಮಿಯ ಕಥೆಯನ್ನೇ ಹೇಳಿದರು. ಶಾಲೆಗೆ ಹೋಗದ ನಮ್ಮಜ್ಜಿ ಈ ಆಟದಲ್ಲಿ ನಮ್ಮ ತರಗತಿಯನ್ನೆಲ್ಲ ಸೋಲಿಸುತ್ತಾರೆ! ಆಮೇಲೆ ಅಜ್ಜಿ ಒಂದೇ ಷರತ್ತು ಹಾಕಿದರು. ದುಡ್ಡು, ಬಳಪ, ಗೋಲಿ, ಯಾವುದನ್ನೂ ಪಣ ಇಡಬಾರದು. ಆ ಷರತ್ತಿಗೆ ನಾನು ಒಪ್ಪಿದೆ. ಹುಣಸೆ ಬೀಜದ ಅಂಟು ಕುದಿಸಿಕೊಟ್ಟದ್ದು ಅಜ್ಜಿಯೇ.

ನನಗೆ ಅನಿಸಿದ್ದು ಇಷ್ಟು. ಎಲೆ ಬರೀ ಕಾಗದ. ಅದರ ಮೇಲೆ ದುಡ್ಡು ಇಟ್ಟರೆ ಜೂಜು, ಚಿತ್ರ ಇಟ್ಟರೆ ವಿದ್ಯೆ. ಹಸ ಹೋದದ್ದು ಎಲೆಯಿಂದಲ್ಲ, ಪಣದಿಂದ.

ಕೊನೆಗಾಲ

ಮತ್ತೆ ಮಹಾರಾಜರ ಕಥೆಗೆ ಬರೋಣ. ತಲಕಾಡು ನಮ್ಮ ಟಿ. ನರಸೀಪುರ ತಾಲ್ಲೂಕಿನದು. ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಅಂತ ಅಲಮೇಲಮ್ಮ ಶಾಪ ಕೊಟ್ಟ ಕಥೆಯನ್ನು ನಮ್ಮ ಕಡೆ ಎಲ್ಲ ಹಿರಿಯರೂ ಹೇಳ್ತಾರೆ. ಮುಮ್ಮಡಿಯವರಿಗೂ ಪಟ್ಟಕ್ಕೆ ಗಂಡು ಮಗ ಇರಲಿಲ್ಲ. ದತ್ತು ತಗೊಂಡರೆ ಇಂಗ್ಲಿಷರು ಒಪ್ಪುತ್ತಾರೋ ಇಲ್ಲವೋ ಅನ್ನೋ ಭಯ. ಒಪ್ಪದಿದ್ದರೆ ಮೈಸೂರು ರಾಜ್ಯವೇ ಇಂಗ್ಲಿಷರ ಪಾಲು. ಆಗ ಎಷ್ಟೋ ರಾಜ್ಯಗಳು ಹಾಗೇ ಹೋಗಿದ್ದವು.

ಮುದುಕರಾದ ಮಹಾರಾಜರು ಹೆದರಲಿಲ್ಲ. 1865ರ ಜೂನ್ 18ರಂದು ತಮ್ಮ ಮಗಳ ಮಗನನ್ನೇ ದತ್ತು ತೆಗೆದುಕೊಂಡರು. ಆ ಮಗು ಚಾಮರಾಜೇಂದ್ರ ಒಡೆಯರು. ಆಗ ಎರಡು ವರ್ಷದ ಕೂಸು. ಎಷ್ಟೋ ಬರೆದು, ಎಷ್ಟೋ ಜನರಿಂದ ಹೇಳಿಸಿ, 1867ರಲ್ಲಿ ಇಂಗ್ಲಿಷ್ ಸರಕಾರ ಈ ಮಗುವಿಗೆ ಮುಂದೆ ರಾಜ್ಯ ಕೊಡಲು ಒಪ್ಪಿತು. ಮರುವರ್ಷ, 1868ರ ಮಾರ್ಚ್ 27ರಂದು, ಮಹಾರಾಜರು ತೀರಿಕೊಂಡರು. ರಾಜ್ಯ ವಾಪಸು ಬಂದದ್ದನ್ನು ಅವರು ಕಣ್ಣಿಂದ ನೋಡಲಿಲ್ಲ. ಅದು ಬಂದದ್ದು 1881ರಲ್ಲಿ, ಮೊಮ್ಮಗನ ಕೈಗೆ.

ಅವರು ಸೋತ ದೊರೆ ಅಲ್ವಾ, ಇವರ ಬಗ್ಗೆ ಯಾಕೆ ಬರೀತೀಯ ಅಂತ ನನ್ನನ್ನು ಕೇಳಿದವರಿದ್ದಾರೆ. ಅವರ ಆಡಳಿತದಲ್ಲಿ ರೈತರಿಗೆ ಕಷ್ಟ ಆದದ್ದು ನಿಜ, ಅದನ್ನು ನಾನು ಮುಚ್ಚಿಟ್ಟಿಲ್ಲ. ಆದರೆ ಎಲ್ಲ ಹೋದ ಮೇಲೂ ಕೈ ಕಟ್ಟಿ ಕೂರದೆ ಕೆಲಸ ಮಾಡಿದ್ದೂ ನಿಜ.

ಅಚ್ಚು ಹಾಕಿದ ಇಸ್ಪೀಟು ಎಲೆ ಅಗ್ಗವಾಗಿ ಬಂದ ಮೇಲೆ ಕೈಯಿಂದ ಬರೆದ ಎಲೆಗಳನ್ನು ಕೇಳುವವರು ಕಡಿಮೆಯಾದರು. ಆದರೂ ವಿದ್ಯೆ ಸಾಯಲಿಲ್ಲ. ಕಲಾವಿದ ರಘುಪತಿ ಭಟ್ಟರು ಮೈಸೂರು ಗಂಜೀಫಾವನ್ನು ಮತ್ತೆ ಬರೆದು ದೇಶ ವಿದೇಶಕ್ಕೆ ತೋರಿಸಿದರು. ಮೈಸೂರಿನ ಗಂಜೀಫಾ ಎಲೆಗಳಿಗೆ ಸರಕಾರದ ಭೌಗೋಳಿಕ ಗುರುತೂ ಸಿಕ್ಕಿದೆ. ಮೈಸೂರು ಮಲ್ಲಿಗೆಗೆ, ನಂಜನಗೂಡು ರಸಬಾಳೆಗೆ ಇದ್ದ ಹಾಗೆ.

ಈಗ ನಮ್ಮ ಸರದಿ. ನಮ್ಮ ಶಾಲೆಗೆ ಒಂದು ಛದ ಮಾಡೋಣ. 4 ಬಣ್ಣ, ಒಂದೊಂದರಲ್ಲಿ 12, ಒಟ್ಟು 48. ಬಣ್ಣಗಳು ಗೋಪುರ, ರಸಬಾಳೆ, ಭತ್ತದ ತೆನೆ, ಹೊಳೆಯ ಮೀನು. ಸೋತವರು ದುಡ್ಡು ಕೊಡಬೇಕಿಲ್ಲ, ಆ ಎಲೆಯ ಬಗ್ಗೆ ಒಂದು ವಿಷಯ ಹೇಳಬೇಕು. ಗೋಪುರದ ಹನ್ನೆರಡು ಎಲೆ ನಾನು ಮುಗಿಸಿದ್ದೇನೆ. ಉಳಿದದ್ದು 36. ಅದಕ್ಕೆ 9 ಲಗ್ನಪತ್ರಿಕೆ ಬೇಕು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಕತ್ತರಿ ಇರುವವರು ಕತ್ತರಿ ತನ್ನಿ, ಪತ್ರಿಕೆ ಇರುವವರು ಪತ್ರಿಕೆ ತನ್ನಿ. ಅಂಟು ನಮ್ಮಜ್ಜಿ ಕೊಡ್ತಾರೆ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ